ಮೂರು ಅಂಗಿ, ಅರ್ಧ ಮಸಿಬಟ್ಟೆ

‘ಮೂರು ಅಂಗಿಗೆ 999’ ಎಂಬ ಫಲಕದ ಮುಂದೆ ನಿಂತವರಿಗೆ ಗಣಿತ ಬಲು ಸಲೀಸು: ಒಂದಕ್ಕೆ 333. ಎಂಟು ಒಗೆತಕ್ಕೆ ಅದರ ಆಯುಷ್ಯ ಮುಗಿದರೆ ಪ್ರತಿ ಸಲ ತೊಟ್ಟದ್ದಕ್ಕೂ ಹತ್ತಿರಹತ್ತಿರ 42 ರೂಪಾಯಿ ಬೀಳುತ್ತದೆಂಬ ಭಾಗಾಕಾರ ಮಾತ್ರ ಆ ಹೊತ್ತಿಗೆ ಹೊಳೆಯುವುದಿಲ್ಲ. 1500ರ ಅಂಗಿ ನೂರು ಒಗೆತ ತಡೆದರೆ ಬೀಳುವುದು 15 ರೂಪಾಯಿ.

ಮೊದಲು ರಾಜೀನಾಮೆ ಕೊಡುವುದು ಗುಂಡಿ. ಅದೂ ಹೊಟ್ಟೆಯ ಮೇಲಿನದು, ಮದುವೆ ಊಟದಲ್ಲಿ ಎರಡನೇ ಹೋಳಿಗೆ ಬೀಳುವ ಹೊತ್ತಿಗೆ. ತಪ್ಪು ಹೋಳಿಗೆಯದಲ್ಲ. ಅಗ್ಗದ ಅಂಗಿಯ ಗುಂಡಿಯನ್ನು ಬಹಳ ಸಲ ಒಂದೇ ದಾರದ ಸರಪಳಿ ಹೊಲಿಗೆಯಲ್ಲಿ ಕೂರಿಸಿರುತ್ತಾರೆ. ತುದಿ ಎಲ್ಲಾದರೂ ಸಿಕ್ಕಿಕೊಂಡರೆ ಅಕ್ಕಿ ಮೂಟೆಯ ಬಾಯಿ ಬಿಚ್ಚಿದ ಹಾಗೆ ಸರ್ರನೆ ಪೂರ್ತಿ ಬರುತ್ತದೆ. ಮೂಟೆಯದೂ ಅದೇ ಹೊಲಿಗೆ. ತಂದ ದಿನವೇ ಜೋಡಿ ದಾರ ಪೋಣಿಸಿ, ತೂತುಗಳ ಮೂಲಕ ನಾಲ್ಕು ಸಲ ಹಾಯಿಸಿ, ಗುಂಡಿಯ ಅಡಿಗೆ ಮೂರು ಸುತ್ತು ಬಿಗಿದು ಗಂಟು ಹಾಕಿದರೆ ಅಂಗಿ ಹೋದರೂ ಗುಂಡಿ ಹೋಗದು.

ಆಮೇಲೆ ಕಾಲರು. ಗಡುಸಾಗಿ ನಿಲ್ಲಲೆಂದು ಒಳಗಿಟ್ಟ ಬಕ್ರಂ ಬಟ್ಟೆ ಅಂಟಿನ ಮೇಲೆ ನಿಂತಿರುತ್ತದೆ. ಬಟ್ಟೆಯೂ ಬಕ್ರಮ್ಮೂ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲವಾಗಿ ಅಂಟು ಬಿಟ್ಟು ಹಪ್ಪಳದಂತೆ ಗುಳ್ಳೆ ಏಳುತ್ತವೆ. ಇಸ್ತ್ರಿ ಒತ್ತಿದರೆ ಬಸ್ ನಿಲ್ದಾಣದವರೆಗೆ ಮರ್ಯಾದೆ ಉಳಿಯುತ್ತದೆ. ಟೀ ಶರ್ಟಿನದು ಇನ್ನೊಂದು ಲೀಲೆ: ನೂಲಿನೊಳಗಿನ ಹುರಿ ನೀರಲ್ಲಿ ಸಡಿಲವಾಗಿ ಹೆಣಿಗೆ ಓರೆಯಾಗುತ್ತದೆ, ಪಕ್ಕೆಯ ಹೊಲಿಗೆ ಹೊಕ್ಕುಳಿನ ಕಡೆಗೆ ತೀರ್ಥಯಾತ್ರೆ ಹೊರಡುತ್ತದೆ.

ಅಂಗಿ ಎಷ್ಟು ಬಾಳೀತೆಂಬುದು ಬಹುಮಟ್ಟಿಗೆ ಅಂಗಡಿಯಲ್ಲೇ ಗೊತ್ತಾಗುತ್ತದೆ, ಅದನ್ನು ಒಳಮಗ್ಗುಲು ತಿರುವಿ ನೋಡುವ ನಾಚಿಕೆಗೇಡಿತನವೊಂದಿದ್ದರೆ. ಹೆಬ್ಬೆರಳಿನ ಗೆಣ್ಣು ಹೆಚ್ಚುಕಡಿಮೆ ಒಂದಿಂಚು. ಪಕ್ಕೆಯ ಹೊಲಿಗೆಯ ಮೇಲಿಟ್ಟು ಎಣಿಸಿ. 14–16 ಹೊಲಿಗೆಯಿದ್ದರೆ ಸರಿ, ಏಳೆಂಟಿದ್ದರೆ ಅದು ಬರೀ ಕಚ್ಚಾ ಹೊಲಿಗೆ ಹಾಕಿದ ಬಟ್ಟೆ. ಅಂಚುಗಳು ಒಂದರೊಳಗೊಂದು ಮಡಚಿ ಹೊಲಿದಿದ್ದರೆ ಬಾಳಿಕೆ. ಬರೀ ಅಂಚಿಗೆ ದಾರ ಸುತ್ತಿದ ಓವರ್‌ಲಾಕ್ ಹೊಲಿಗೆಯಾಗಿದ್ದರೆ ಎರಡೂ ಕಡೆ ಎಳೆದು ನೋಡಿ, ಹಲ್ಲು ಕಿರಿದಂತೆ ದಾರ ಕಂಡರೆ ವಾಪಸ್ಸಿಡಿ. ಪ್ಯಾಂಟಿನ ಹಿಂಬದಿ ಹೊಲಿಗೆಯೊಳಗೆ ಒಂದಿಂಚು ಬಟ್ಟೆ ಬಿಟ್ಟಿದ್ದರೆ ದೀಪಾವಳಿ ಮುಗಿದ ಮೇಲೂ ಅದು ನಿಮ್ಮದೇ. ಕೆಂಪು, ಕಡುನೀಲಿಯಾದರೆ ಒದ್ದೆ ಬಿಳಿ ಕರವಸ್ತ್ರದಲ್ಲಿ ಒಳ ಅಂಚನ್ನು ಉಜ್ಜಿ. ಬಣ್ಣ ಬಂದರೆ ‘ಉಪ್ಪುನೀರಲ್ಲಿ ನೆನೆಸಿ, ನಿಲ್ಲುತ್ತೆ ಸಾರ್’ ಎಂಬ ಮಾತು ನಂಬಬೇಡಿ. ಉಪ್ಪಿನ ಉಪಯೋಗ ಬಣ್ಣ ಹಾಕುವ ಹೊತ್ತಿಗೆ. ಓಡಿಹೋಗುವ ಬಣ್ಣವನ್ನು ಅದು ಹಿಡಿದಿಡದು.

ಹಾಗಂತ ದುಬಾರಿಯದೆಲ್ಲ ಒಳ್ಳೆಯದಲ್ಲ. ಎದೆಯ ಮೇಲಿನ ಪುಟ್ಟ ಪ್ರಾಣಿಗೇ ಅರ್ಧ ದುಡ್ಡು ಹೋಗಿರುತ್ತದೆ. ಒಳ್ಳೆಯ ಖಾದಿಯೂ ಕೈ ಕೊಡಬಹುದು: ರಾತ್ರಿಯಿಡೀ ನೆನೆಸದೆ, ಒಣಗಿಸದೆ ಹಾಗೇ ಟೈಲರಿಗೆ ಕೊಟ್ಟರೆ, ನೂರಕ್ಕೆ ಐದರಂತೆ ಕುಗ್ಗಿದರೂ 30 ಇಂಚಿನ ಜುಬ್ಬಾ ಒಂದೂವರೆ ಇಂಚು ಮೇಲೇರುತ್ತದೆ.

ಇನ್ನು ಆ 333ರ ಅಂಗಿ. ಹಳೇ ಹತ್ತಿ ಪಂಚೆಗೆ ಸಿಗುವ ಮಸಿಬಟ್ಟೆಯ ಬಡ್ತಿ ಅದಕ್ಕಿಲ್ಲ. ಬರೀ ಪಾಲಿಯೆಸ್ಟರಾದರೆ ನೀರನ್ನೇ ಹೀರದು. ಚೆಲ್ಲಿದ ಹಾಲನ್ನು ಕಟ್ಟೆಯ ಈ ತುದಿಯಿಂದ ಆ ತುದಿಗೆ ಓಡಿಸುತ್ತದೆ. ಉರಿ ತಾಗಿದರೆ ಕರಗಿ ಕೈಗಂಟುತ್ತದೆ. ‘ಇರಲಿ, ಹೋಳಿ ಹಬ್ಬಕ್ಕೆ ಹಾಕ್ಕೋಬಹುದು’ ಅಂತ ಕಪಾಟಿನ ತಳ ಸೇರುತ್ತದೆ. ಹೋಳಿಯ ಬಣ್ಣವೂ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ.