ಯಾವ ಬಟಾಣಿ?

ಕೊಪ್ಪಳದ ಒಂದು ಮೆಡಿಕಲ್ ಅಂಗಡಿ, ಸಂಜೆ ಏಳರ ಗದ್ದಲ. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ಚೀಟಿ ಮುಂದೆ ಹಿಡಿದ. ಅಂಗಡಿಯವರು ಮೊಡವೆಗೆ ಹಚ್ಚುವ ಅಡಾಪಲೀನ್ ಜೆಲ್ಲಿನ ಟ್ಯೂಬನ್ನು ಕಾಗದದ ಪಾಕೀಟಿಗೆ ಹಾಕುತ್ತ, “ರಾತ್ರಿ ಮಲಗೋ ಮುಂದ ಬಟಾಣಿಯಷ್ಟು ಹಚ್ಕೋ ತಮ್ಮಾ” ಎಂದರು. ಹುಡುಗ ಹೋಗದೆ ಅಲ್ಲೇ ನಿಂತ. “ಯಾವ ಬಟಾಣಿ ರೀ? ಹಸೀದೋ, ಒಣಾದೋ?” ಸುತ್ತ ನಿಂತವರೆಲ್ಲ ನಕ್ಕರು. ಬಿಪಿ ಗುಳಿಗೆಗೆ ಬಂದಿದ್ದ ಹಿರಿಯರೊಬ್ಬರು “ಲಗ್ನ ಆದ್ರ ತಾವಾ ಹೋಗ್ತಾವ ಬಿಡೋ” ಎಂದು ಪುಕ್ಕಟೆ ಚಿಕಿತ್ಸೆಯನ್ನೂ ಕೊಟ್ಟರು.

ಲಗ್ನದ ಮಾತು ಬಂತಲ್ಲ. ಮೊಡವೆ ಎಂಬುದು ಲಗ್ನಕ್ಕೆ ಸರಿಯಾಗಿ ಮೂರು ದಿನ ಉಳಿದಾಗ, ಅದೂ ಮೂಗಿನ ತುದಿಗೇ, ಯಾಕೆ ಬಂದು ಕೂರುತ್ತದೆ ಎಂಬ ಗುಟ್ಟನ್ನು ಬಿಡಿಸಲೆಂದೇ ಇದನ್ನು ಬರೆಯಲು ಕೂತದ್ದು. ಅದಕ್ಕೆ ಬರೋಣ. ಮೊದಲು ಬಟಾಣಿಯ ತಕರಾರು ಇತ್ಯರ್ಥವಾಗಲಿ. ನಕ್ಕವರಲ್ಲಿ ಒಬ್ಬರೂ ಉತ್ತರ ಹೇಳಲಿಲ್ಲ.

ಈ ಅಳತೆ ಹಸಿ ಬಟಾಣಿಯನ್ನು ದಿನಾ ತಟ್ಟೆಯಲ್ಲಿ ಕಾಣುವ ದೇಶಗಳಿಂದ ಬಂದದ್ದು. ನಮ್ಮ ಸೀಮೆಯಲ್ಲಿ ಬಟಾಣಿ ಎಂದರೆ ಜಾತ್ರೆಯಲ್ಲಿ ಪೊಟ್ಟಣ ಕಟ್ಟಿಕೊಡುವ ಹುರಿದ ಬಟಾಣಿ, ಇಲ್ಲವೇ ಪಾನಿಪೂರಿ ಗಾಡಿಯವರು ರಾತ್ರಿ ನೆನೆಹಾಕುವ ಒಣ ಬಿಳಿ ಬಟಾಣಿ. ಆ ಒಣ ಕಾಳೇ ಬೆಳಗಾಗುವಷ್ಟರಲ್ಲಿ ನೀರು ಕುಡಿದು ಹೆಚ್ಚೂಕಡಿಮೆ ದುಪ್ಪಟ್ಟು ತೂಗುತ್ತದೆ. ಹಾಗಾದರೆ ಮುಖಕ್ಕೆ ಹಚ್ಚಬೇಕಾದ್ದು ಸಂಜೆಯ ಬಟಾಣಿಯೋ, ಬೆಳಗಿನ ಬಟಾಣಿಯೋ? ಕಡಲೆಕಾಳು ಎಂದರೂ ಪಾರಾಗುವಂತಿಲ್ಲ; ಜವಾರಿ ಕಡಲೆ ಬೇರೆ, ಕಾಬೂಲಿ ಕಡಲೆ ಬೇರೆ. ತೊಗರಿ ಸಾಲದು, ಶೇಂಗಾ ಹೆಚ್ಚಾಯಿತು. ಖಚಿತವಾಗಿ ಹೇಳುವುದಾದರೆ ಸುಮಾರು ಕಾಲು ಗ್ರಾಂ. ಆದರೆ ಮಲಗುವ ಮುಂದೆ ತಕ್ಕಡಿ ಹಿಡಿದು ಕೂರಲು ಎಲ್ಲರೂ ಅಕ್ಕಸಾಲಿಗರೇ? ಅವರ ಹಳೆಯ ಲೆಕ್ಕದಲ್ಲಿ ಒಂದು ಗುಲಗಂಜಿ ಸುಮಾರು 0.12 ಗ್ರಾಂ. ಮುಖಕ್ಕೆ ಬೇಕಾದ್ದು ಎರಡು ಗುಲಗಂಜಿ ತೂಕ ಎಂದಾಯಿತು. “ಎರಡು ಗುಲಗಂಜಿಯಷ್ಟು ಹಚ್ಕೋ” ಅಂದಿದ್ದರೆ ಹುಡುಗನ ಅಜ್ಜಿಗೆ ತಟ್ಟನೆ ತಿಳಿಯುತ್ತಿತ್ತು. ಮೊಡವೆ ಮಾತ್ರ ಅಜ್ಜಿಗಿಲ್ಲ.

ಲಾಂಗ್ ಮತ್ತು ಫಿನ್ಲೆ ಎಂಬ ಬ್ರಿಟನ್ನಿನ ಇಬ್ಬರು ಚರ್ಮವೈದ್ಯರು 1991ರಲ್ಲಿ ಕಾಳುಕಡಿಯ ಗೊಡವೆಯೇ ಇಲ್ಲದ ಅಳತೆಯೊಂದನ್ನು ಕೊಟ್ಟರು. ಐದು ಮಿಲಿಮೀಟರ್ ಬಾಯಿಯ ಟ್ಯೂಬಿನಿಂದ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಗಂಡಸಿನ ಬೆರಳಿಗೆ ಸುಮಾರು ಅರ್ಧ ಗ್ರಾಂ, ಹೆಂಗಸಿನ ಬೆರಳಿಗೆ 0.4 ಗ್ರಾಂ. ಮೊಡವೆಯ ಜೆಲ್ಲಿಗೆ ಅದರ ಅರ್ಧ ಸಾಕು. ಟ್ಯೂಬಿನ ಬಾಯಿ ಕಿರಿದಾಗಿದ್ದರೆ ಈ ಲೆಕ್ಕವೂ ತಪ್ಪುತ್ತದೆ ಅನ್ನುವುದೊಂದು ರಗಳೆ. ಆದ್ದರಿಂದ ಹಿಂದಿನಿಂದ ಲೆಕ್ಕ ಹಾಕುವುದೇ ಲೇಸು: 15 ಗ್ರಾಂ ಟ್ಯೂಬು, ರಾತ್ರಿಗೆ ಕಾಲು ಗ್ರಾಂ, ಒಟ್ಟು 60 ರಾತ್ರಿ. ಹದಿನೈದು ದಿನಕ್ಕೇ ಟ್ಯೂಬು ಚಪ್ಪಟೆಯಾದರೆ ಬಟಾಣಿ ನೆನೆದು ಉಬ್ಬಿದ್ದು. ಆರು ತಿಂಗಳಾದರೂ ಮುಗಿಯದಿದ್ದರೆ ಎದ್ದ ಗುಳ್ಳೆಯ ಮೇಲಷ್ಟೇ ಚುಕ್ಕೆ ಇಡುತ್ತಿದ್ದೀರಿ ಎಂದರ್ಥ, ಅದೂ ತಪ್ಪೇ. ಈ ಜೆಲ್ಲು ರಂಧ್ರದ ಬಾಯಿ ಕಟ್ಟದಂತೆ ಕಾಯುತ್ತದೆ, ಅಂದರೆ ಅದರ ಮುಖ್ಯ ಕೆಲಸ ಇನ್ನೂ ಏಳದ ಗುಳ್ಳೆಗಳ ಮೇಲೆ. ಅದಕ್ಕೇ ಹಣೆ, ಎರಡು ಕೆನ್ನೆ, ಮೂಗು, ಗದ್ದ ಎಂದು ಐದು ಚುಕ್ಕೆ ಇಟ್ಟು ಮುಖಕ್ಕೆಲ್ಲ ತೆಳ್ಳಗೆ ಹರಡಬೇಕು. ಕಣ್ಣಿನ ಸುತ್ತ, ಮೂಗಿನ ಪಕ್ಕದ ಸಂದಿ, ತುಟಿಯ ಅಂಚು ಬಿಡಬೇಕು.

ಹೆಚ್ಚು ಹಚ್ಚಿದರೆ ಬೇಗ ಹೋಗುತ್ತದೆ ಎಂಬ ಭ್ರಮೆ, ಹೊಲಕ್ಕೆ ಯೂರಿಯಾ ಸುರಿಯುವವರ ಭ್ರಮೆಯಂಥದ್ದೇ. ಹೆಚ್ಚು ಹಚ್ಚಿದರೆ ಹೆಚ್ಚುವುದು ಉರಿ. ನಾಲ್ಕನೇ ದಿನ ಮುಖ ಕೆಂಪಾಗಿ, ತುಟಿಯ ಸುತ್ತ ಹೊಟ್ಟು ಎದ್ದು, ಐದನೇ ದಿನ ಟ್ಯೂಬು ಕಿಟಕಿಯ ಮೇಲಕ್ಕೆ ಹೋಗಿ, “ನನ್ನ ಮಾರಿಗೆ ಅದು ಆಗಿಬರಂಗಿಲ್ಲ” ಎಂಬ ತೀರ್ಪು ಬರುತ್ತದೆ. ಆಗಿಬರುವಂತೆ ಮಾಡುವ ದಾರಿ ಬಲು ಸರಳ. ಮುಖ ತೊಳೆದ ಮೇಲೆ ಪೂರ್ತಿ ಆರಲು ಹದಿನೈದಿಪ್ಪತ್ತು ನಿಮಿಷ ಬಿಡಬೇಕು, ಹಸಿ ಮುಖಕ್ಕೆ ಹಚ್ಚಿದರೆ ಉರಿ ಜಾಸ್ತಿ. ಮೊದಲೆರಡು ವಾರ ದಿನ ಬಿಟ್ಟು ದಿನ. ಚರ್ಮ ಒಣಕಲಾಗಿದ್ದರೆ ಮೊದಲು ಮಾಯಿಶ್ಚರೈಸರ್, ಮೇಲೆ ಜೆಲ್ಲು, ಬೇಕಿದ್ದರೆ ಮತ್ತೆ ಮಾಯಿಶ್ಚರೈಸರ್. ಮೊದಲ ತಿಂಗಳಲ್ಲಿ ಒಳಗಿದ್ದವೆಲ್ಲ ಒಟ್ಟಿಗೆ ಎದ್ದು ಮುಖ ಮೊದಲಿಗಿಂತ ಕೆಟ್ಟಂತೆ ಕಾಣುವುದುಂಟು. ತೀರ್ಪು ಕೊಡುವುದೇ ಆದರೆ ಹನ್ನೆರಡು ವಾರದ ಮೇಲೆ ಕೊಡಿ. ಜೋಳ ಕೊಯ್ಲಿಗೆ ಬರುವುದಕ್ಕೂ ಅಷ್ಟಾದರೂ ದಿನ ಬೇಕು. ಬಿತ್ತಿದ ವಾರಕ್ಕೇ ತೆನೆ ಎಲ್ಲಿ ಎಂದು ಯಾರೂ ಕೇಳುವುದಿಲ್ಲ.

ಮೊಡವೆಗೆ ಅಡಾಪಲೀನ್ ಬದಲು ಬೆಂಜಾಯಿಲ್ ಪೆರಾಕ್ಸೈಡ್ ಜೆಲ್ಲು ಕೊಟ್ಟಿದ್ದರೆ ಅದರ ಚಾಳಿಯೇ ಬೇರೆ. 2.5 ಶೇಕಡದ್ದು 10 ಶೇಕಡದ್ದಕ್ಕೆ ಕೆಂಪು ಗುಳ್ಳೆಗಳ ಮಟ್ಟಿಗೆ ಸರಿಸಾಟಿ, ಉರಿ ಮಾತ್ರ ಕಡಿಮೆ. ಕಾಸು ಕೊಟ್ಟು ದೊಡ್ಡ ಅಂಕಿಯದ್ದನ್ನೇ ಕೊಳ್ಳುವುದು ನಮ್ಮ ಜಾಯಮಾನ. ಇದು ಬಟ್ಟೆಯ ಬಣ್ಣ ತಿನ್ನುತ್ತದೆ. ದಿಂಬಿನ ಚೀಲ, ಟವೆಲ್ಲು, ಅಂಗಿಯ ಕಾಲರು ಒಂದನ್ನೂ ಬಿಡುವುದಿಲ್ಲ. ಮುಖ ಬೆವತಿದೆ ಎಂದು ಅವ್ವ ಇಳಕಲ್ ಸೀರೆಯ ಕೆಂಪು ಸೆರಗಿನಿಂದ ಒರೆಸಿದಳೋ, ಮೊಡವೆಗಿಂತ ದೊಡ್ಡ ಪಂಚಾಯ್ತಿ. ಬಿಳಿ ಟವೆಲ್ಲು ಒಂದನ್ನು ಅದಕ್ಕೇ ಮೀಸಲಿಡಿ. ಕ್ಲಿಂಡಾಮೈಸಿನ್ ಎಂಬ ಆಂಟಿಬಯಾಟಿಕ್ ಜೆಲ್ಲನ್ನು ಒಂಟಿಯಾಗಿ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಹೋಗುತ್ತದೆ. ಪೆರಾಕ್ಸೈಡು ಜೊತೆಗಿದ್ದರೆ ಆ ಅಪಾಯ ತಗ್ಗುತ್ತದೆ. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಗುಳಿಗೆಯನ್ನು ತುಂಬಿದ ಲೋಟ ನೀರಿನ ಜೊತೆ ನುಂಗಿ, ಅರ್ಧ ತಾಸಾದರೂ ಅಡ್ಡಾಗಬಾರದು, ಅನ್ನನಾಳ ಸುಡುತ್ತದೆ. ಬಿಸಿಲೂ ಬೇಗ ತಾಗುತ್ತದೆ. ರಾಯಚೂರಿನ ಏಪ್ರಿಲ್ಲಿನಲ್ಲಿ ಬಿಸಿಲು ತಾಗಲು ಗುಳಿಗೆಯೇ ಬೇಕೆಂದಿಲ್ಲ ಅನ್ನಿ.

ಇನ್ನು ಮಿರ್ಚಿ. ಮೊಡವೆ ಕಂಡ ಕೂಡಲೇ “ಉಷ್ಣ ಆಗೇತಿ, ಮಿರ್ಚಿ ಬಿಡು” ಎನ್ನದ ಮನೆ ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರು ಜಿಲ್ಲೆಗಳಲ್ಲಿ ಸಿಕ್ಕರೆ ತೋರಿಸಿ. ಗವಿಮಠದ ಜಾತ್ರೆಯ ದಾಸೋಹಕ್ಕೆ ಲಕ್ಷಗಟ್ಟಲೆ ಮಿರ್ಚಿ ಕರಿಯುತ್ತಾರೆ. ಆರೋಪ ನಿಜವಿದ್ದಿದ್ದರೆ ಜಾತ್ರೆ ಮುಗಿದ ವಾರ ಕೊಪ್ಪಳದಲ್ಲಿ ಯಾರ ಕೆನ್ನೆಯೂ ನುಣ್ಣಗೆ ಉಳಿಯಬಾರದಿತ್ತು. 2007ರಲ್ಲಿ ಆಸ್ಟ್ರೇಲಿಯಾದಲ್ಲಿ 15ರಿಂದ 25 ವಯಸ್ಸಿನ 43 ಹುಡುಗರಲ್ಲಿ ಒಂದು ಗುಂಪಿಗೆ ಹನ್ನೆರಡು ವಾರ ಊಟ ಬದಲಿಸಿ ನೋಡಿದರು. ರಕ್ತದಲ್ಲಿ ಸಕ್ಕರೆ ದಡಬಡ ಏರಿಸದ ಊಟ ಉಂಡವರಿಗೆ ಮೊಡವೆ ಹೆಚ್ಚು ಇಳಿಯಿತು. ಈ ನ್ಯಾಯದಲ್ಲಿ ಕಟಕಟೆ ಹತ್ತಬೇಕಾದ್ದು ಮಿರ್ಚಿಯ ಪಕ್ಕದಲ್ಲಿ ಸಾಧುವಿನಂತೆ ಕೂತ ಮಂಡಾಳ ವಗ್ಗರಣಿ. ಹಿಂದಿನಿಂದ ಬರುವ ಎರಡು ಚಮಚ ಸಕ್ಕರೆಯ ಚಹಾ ಸಹ-ಆರೋಪಿ. ಜಿಮ್ಮಿನ ಹುಡುಗರು ಡಬ್ಬಿಗಟ್ಟಲೆ ಕುಡಿಯುವ ವೇ ಪ್ರೋಟೀನಿನ ಮೇಲೂ ಗುಮಾನಿಯಿದೆ. ಅವರಿಗೆ ಮಾತ್ರ ಯಾರೂ ಉಷ್ಣದ ಮಾತಾಡುವುದಿಲ್ಲ. ಡಬ್ಬಿಯ ಬೆಲೆ ಕೇಳಿಯೇ ಹಿರಿಯರ ಬಾಯಿ ಕಟ್ಟಿರುತ್ತದೆ.

ಮನೆಮದ್ದುಗಳ ಬಗ್ಗೆ ಮರ್ಯಾದೆಯಿಂದ ಎರಡೇ ಮಾತು. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುತ್ತದೆ. ಟೂತ್‌ಪೇಸ್ಟು ಹಲ್ಲಿಗೆ. ಬೋರಿನ ಸವಳು ನೀರಿನಲ್ಲಿ ಸಾಬೂನು ನೊರೆ ಬರುವುದಿಲ್ಲ ಎಂದು ದಿನಕ್ಕೆ ಐದು ಸಲ ಮುಖ ತಿಕ್ಕುವವರಿದ್ದಾರೆ. ಎರಡು ಸಲ, ಮೃದುವಾದ ಫೇಸ್‌ವಾಶಿನಲ್ಲಿ, ಬೆರಳಿನಿಂದಷ್ಟೇ. ಮೂಗಿನ ಮೇಲಿನ ಕಪ್ಪು ಚುಕ್ಕೆ ಕೊಳೆಯಲ್ಲ, ಗಾಳಿಗೆ ತೆರೆದ ರಂಧ್ರದಲ್ಲಿ ಕಪ್ಪಾದ ಕೊಬ್ಬು ಮತ್ತು ಚರ್ಮದ ಬಣ್ಣ. ತಿಕ್ಕಿದರೆ ಹೋಗುವುದಿಲ್ಲ. ಹಣೆಯ ಕೂದಲಂಚಿಗೆ ಸಾಲಾಗಿ ಎದ್ದರೆ ತಲೆಯೆಣ್ಣೆಯನ್ನು ನೋಡಿ. ಒಂದೇ ಅಳತೆಯ ಸಣ್ಣ ಗುಳ್ಳೆ ಎದ್ದು ತುರಿಸುತ್ತಿದ್ದರೆ ಅದು ಫಂಗಸ್ಸಿನ ಕಾಟವಿರಬಹುದು, ಮೊಡವೆಗೆ ಕೊಡುವ ಆಂಟಿಬಯಾಟಿಕ್ ಗುಳಿಗೆಯಿಂದ ಅದು ಇನ್ನೂ ಹೆಚ್ಚಬಹುದು.

ಮರ್ಯಾದೆ ಉಳಿಯದ ಜಾಗ ಒಂದಿದೆ: “ಬೆಳ್ಳಗಾಗೋ ಟ್ಯೂಬ್ ಕೊಡ್ರಿ.” ಗೆಳೆಯ ಹೇಳಿದ, ಅಕ್ಕ ಹಚ್ಚಿದಳು, ಹದಿನೈದು ದಿನದಲ್ಲಿ ಮುಖ ಮದುವೆಯ ಫೋಟೊದಂತಾಯಿತು. ಒಳಗಿರುವುದು ಸ್ಟೆರಾಯ್ಡು. ಎರಡು ತಿಂಗಳಿಗೆ ಚರ್ಮ ತೆಳುವಾಗಿ, ಕೆನ್ನೆಯಲ್ಲಿ ಕೆಂಪು ನರ ಕಂಡು, ಬಿಟ್ಟ ದಿನದಿಂದ ಮೊಡವೆ ದಂಡೆತ್ತಿ ಬರುತ್ತದೆ. ಹೆದರಿ ಮತ್ತೆ ಹಚ್ಚುತ್ತಾರೆ. ಕೇಂದ್ರ ಸರ್ಕಾರ 2018ರಲ್ಲಿ ಇಂಥ 14 ಸ್ಟೆರಾಯ್ಡುಗಳ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿತು, ಅಂದರೆ ಚೀಟಿಯಿಲ್ಲದೆ ಕೊಡುವಂತಿಲ್ಲ. ಆಮೇಲೂ ಕೇಳುವವರಿದ್ದಾರೆ, ಕೊಡುವವರೂ ಇದ್ದಾರೆ, ಇಬ್ಬರಿಗೂ ನಾಚಿಕೆಯಿಲ್ಲ. ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರ ಓದಿ: ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಎಂದಿದ್ದರೆ ಮೊಡವೆಗೆ ಅದು ಬೇಡ. ಆಗಲೇ ತಿಂಗಳುಗಟ್ಟಲೆ ಹಚ್ಚಿದ್ದರೆ ತಾವೇ ಥಟ್ಟನೆ ನಿಲ್ಲಿಸದೆ ಡಾಕ್ಟರ ಹತ್ತಿರ ಹೋಗಿ. ಗಂಟುಗಂಟಾಗಿ ಎದ್ದು ಕುಳಿ ಬೀಳುತ್ತಿದ್ದರೂ ಅಷ್ಟೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜಿದೆ. ಅಂಥ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಗುಳಿಗೆಯನ್ನು ಗರ್ಭಿಣಿಯರು ಮುಟ್ಟುವಂತಿಲ್ಲ. ನುಂಗುವಾಗಲೂ, ಬಿಟ್ಟ ಮೇಲೆ ಒಂದು ತಿಂಗಳೂ ಗರ್ಭ ನಿಲ್ಲಬಾರದು. ರಕ್ತಪರೀಕ್ಷೆಯಿಲ್ಲದೆ, ಗೆಳತಿಯ ಚೀಟಿ ನೋಡಿ ತರುವ ಗುಳಿಗೆ ಇದಲ್ಲ.

ಲಗ್ನಕ್ಕೆ ಮೂರು ದಿನ ಉಳಿದಾಗಿನ ಗುಟ್ಟು ಉಳಿದೇಹೋಯಿತು. ಅರಿಶಿಣ ಹಚ್ಚುವವರು ಬಾಗಿಲಿಗೆ ಬಂದಿರುವಾಗ ಕಾರಣ ತಿಳಿದು ಆಗಬೇಕಾದ್ದೂ ಏನಿಲ್ಲ. ಅಂಥ ತುರ್ತಿಗೆ ಚರ್ಮದ ಡಾಕ್ಟರು ಕೂದಲಿನಂಥ ಸೂಜಿಯಿಂದ ಆ ಒಂದೇ ಗಂಟಿನೊಳಗೆ ತೆಳು ಮಾಡಿದ ಟ್ರಯಾಮ್ಸಿನೊಲೋನ್ ಬಿಡುತ್ತಾರೆ, ಒಂದೆರಡು ದಿನಕ್ಕೆ ಬಾವು ಇಳಿಯುತ್ತದೆ. ಹೌದು, ಅದೂ ಸ್ಟೆರಾಯ್ಡೇ. ಹೆಚ್ಚಾದರೆ ಅಲ್ಲೊಂದು ಕುಳಿ ಬೀಳುತ್ತದೆ, ಅದಕ್ಕೇ ಸಾಮಾನ್ಯವಾಗಿ 0.1 ಮಿಲಿ ಮೀರಿಸುವುದಿಲ್ಲ. ಅದು ಎಷ್ಟು ಬಟಾಣಿ ಎಂದು ಮಾತ್ರ ಕೇಳಬೇಡಿ.