50ನೆಯದೋ 68ನೆಯದೋ? ಮೊದಲು ಶಾಲು ತನ್ನಿ

ನಮ್ಮ ರಾಜ್ಯಕ್ಕೆ ವಯಸ್ಸೆಷ್ಟು ಅಂತ ಕೇಳಿದರೆ ಕೊಡಗಿನವರು ಸ್ವಲ್ಪ ತಡವರಿಸುತ್ತಾರೆ. ತಪ್ಪು ನಮ್ಮದಲ್ಲ, ಬ್ಯಾನರಿನದು. 2023ರ ನವೆಂಬರಿನಲ್ಲಿ ಎಲ್ಲಿ ನೋಡಿದರೂ ಒಂದು ಬ್ಯಾನರ್ '68ನೇ ರಾಜ್ಯೋತ್ಸವ' ಅನ್ನುತ್ತಿತ್ತು, ಪಕ್ಕದ್ದು 'ಸುವರ್ಣ ಸಂಭ್ರಮ 50' ಅನ್ನುತ್ತಿತ್ತು. ಎರಡೂ ಸರಿಯೇ. 1956ರ ನವೆಂಬರ್ 1ಕ್ಕೆ ರಾಜ್ಯ ಒಂದಾಯಿತು. 1973ರ ನವೆಂಬರ್ 1ಕ್ಕೆ, ದೇವರಾಜ ಅರಸರ ಕಾಲದಲ್ಲಿ, ಮೈಸೂರು ಅನ್ನುವ ಹೆಸರು ಹೋಗಿ ಕರ್ನಾಟಕ ಬಂತು. ಮಗು ಹುಟ್ಟಿ ಹದಿನೇಳು ವರ್ಷಕ್ಕೆ ನಾಮಕರಣ ಮಾಡಿದ ಮನೆಯವರು ಎರಡಕ್ಕೂ ಊಟ ಹಾಕಿಸಬೇಕಲ್ವಾ?

"ಯಾವ ಲೆಕ್ಕ ಸರಿ ಸಾರ್?" ಅಂತ ಆ ವರ್ಷ ನಮ್ಮೂರಿನ ರಾಜ್ಯೋತ್ಸವ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕೂತ ಹುಡುಗ ಕೇಳಿದ. "ಸುಮ್ನೆ ಕೂತ್ಕೊ, ಎರಡಕ್ಕೂ ಚಪ್ಪಾಳೆ ತಟ್ಟು" ಅಂದರು ಮೇಷ್ಟ್ರು.

ಹಿಂದಿನ ಸಾಲಿನಲ್ಲಿ ಒಬ್ಬರು ಅಜ್ಜ ಕೂತಿದ್ದರು. ಅವರದ್ದು ಮೂರನೇ ಲೆಕ್ಕ. "ನಾನು ಹುಟ್ಟಿದ್ದು ಕೂರ್ಗ್ ರಾಜ್ಯದಲ್ಲಿ. ಶಾಲೆಗೆ ಸೇರಿದ್ದು ಮೈಸೂರು ರಾಜ್ಯದಲ್ಲಿ. ಮದುವೆ ಆದದ್ದು ಕರ್ನಾಟಕದಲ್ಲಿ. ಮನೆ ಮಾತ್ರ ಒಂದೇ, ಹೆಂಚು ಕೂಡ ಬದಲಾಯಿಸಿಲ್ಲ" ಅಂದರು. ಈ ಒಂದು ಮಾತಿನಲ್ಲಿ ಇಡೀ ದಿನದ ಕಾರ್ಯಕ್ರಮ ಮುಗಿಸಬಹುದಿತ್ತು. ಆದರೆ ಅವರ ಹೆಸರು ಆಮಂತ್ರಣ ಪತ್ರಿಕೆಯಲ್ಲಿ ಇರಲಿಲ್ಲ. ಹಾಗಾಗಿ ಮೈಕು ಅವರ ಹತ್ತಿರ ಹೋಗಲಿಲ್ಲ.

ಅಜ್ಜ ಹೇಳಿದ್ದು ಸುಳ್ಳಲ್ಲ. 1956ರ ಅಕ್ಟೋಬರ್ 31ರ ರಾತ್ರಿಯವರೆಗೆ ಕೊಡಗು ಒಂದು ರಾಜ್ಯ. ಸಿ ದರ್ಜೆಯದು, ಅಂದರೆ ಕೇಂದ್ರದ ಹಿಡಿತದಲ್ಲಿದ್ದ ಸಣ್ಣದು, ಆದರೂ ರಾಜ್ಯವೇ. 24 ಜನ ಶಾಸಕರು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. ಅವರನ್ನೂ ಸೇರಿಸಿ ಇದ್ದದ್ದು ಇಬ್ಬರೇ ಮಂತ್ರಿಗಳು. ಪೂಣಚ್ಚ ಮುಂದೆ ಕೇಂದ್ರದಲ್ಲಿ ರೈಲ್ವೆ ಮಂತ್ರಿಯೂ ಆದರು. ಕೊಡಗಿಗೆ ಇವತ್ತಿಗೂ ರೈಲು ಬಂದಿಲ್ಲ, ಅದು ಬೇರೆ ಮಾತು. ಇಬ್ಬರು ಮಂತ್ರಿಗಳು ಒಂದು ರಾಜ್ಯವನ್ನೇ ನಡೆಸಿದ ಊರಿನಲ್ಲಿ ಈಗ ಒಂದು ಬೆಳಗಿನ ಕಾರ್ಯಕ್ರಮ ನಡೆಸಲು ಸ್ವಾಗತ ಸಮಿತಿ, ವೇದಿಕೆ ಸಮಿತಿ, ಮೆರವಣಿಗೆ ಸಮಿತಿ, ಆಹಾರ ಸಮಿತಿ. ಇವುಗಳ ಮಧ್ಯೆ ಜಗಳ ಬಿಡಿಸಲು ಒಂದು ಸಮನ್ವಯ ಸಮಿತಿ. ವೇದಿಕೆಯ ಮೇಲೆ ಹಾಕಿದ ಕುರ್ಚಿಗಳು ಹಳೇ ವಿಧಾನಸಭೆಯ ಬಲವನ್ನು ಆರಾಮಾಗಿ ಮೀರಿಸುತ್ತವೆ.

ಇಷ್ಟೆಲ್ಲ ಜನ ಮಾತಾಡಿದರೂ ಕೂರ್ಗ್ ರಾಜ್ಯದ ವಿಷಯ ಒಬ್ಬರ ಬಾಯಲ್ಲೂ ಬರಲಿಲ್ಲ. ಭಾಷಣ ಮೇಲಿನಿಂದ ಟೈಪಾಗಿ ಬಂದದ್ದು, ಜಿಲ್ಲೆಯ ಹೆಸರಿನ ಜಾಗ ಖಾಲಿ ಬಿಟ್ಟು. ಬೀದರಿನಲ್ಲಿ ಓದಿದರೂ ನಡೆಯುತ್ತದೆ, ಇಲ್ಲಿ ಓದಿದರೂ ನಡೆಯುತ್ತದೆ. ಅತಿಥಿಗಳು ಕಾವೇರಿಯ ಮಹಿಮೆಯನ್ನು ತುಂಬಾ ಹೊತ್ತು ವಿವರಿಸಿದರು. ಕೇಳುತ್ತಿದ್ದವರಲ್ಲಿ ಅರ್ಧ ಜನ ಎರಡು ವಾರದ ಹಿಂದಷ್ಟೇ ತಲಕಾವೇರಿಯಲ್ಲಿ ತೀರ್ಥೋದ್ಭವಕ್ಕೆ ಸಾಲು ನಿಂತು ತೀರ್ಥ ತಂದವರು. ಆದರೂ ಹೊಸ ಸುದ್ದಿ ಕೇಳಿದವರಂತೆ ತಲೆಯಾಡಿಸಿದರು. ಕೊಡಗಿನವರಿಗೆ ಮರ್ಯಾದೆ ಜಾಸ್ತಿ. ನಾಡಗೀತೆಯನ್ನು 2 ನಿಮಿಷ 30 ಸೆಕೆಂಡಿನಲ್ಲಿ ಮುಗಿಸಬೇಕು ಅಂತ 2022ರಲ್ಲಿ ಸರ್ಕಾರ ಆದೇಶ ಮಾಡಿತು. ಹಾಡುವವರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಭಾಷಣಕ್ಕೆ ಅಂಥ ಆದೇಶ ಇಲ್ಲ, ಹಾಗಾಗಿ ಅದನ್ನೂ ಚಾಚೂ ತಪ್ಪದೆ ಪಾಲಿಸಲಾಯಿತು.

ಮೆರವಣಿಗೆಯ ವಿಷಯಕ್ಕೆ ಬರೋಣ. ಮಡಿಕೇರಿ ದಸರಾದ ದಶಮಂಟಪ, ಅಂದರೆ ಕೈಕಾಲು ಆಡಿಸುವ ದೇವರು ರಾಕ್ಷಸರ ಬೊಂಬೆ ಹೊತ್ತ ಹತ್ತು ದೇವಸ್ಥಾನಗಳ ಮಂಟಪ ನೋಡಿದ ಜಿಲ್ಲೆಗೆ ಮೆರವಣಿಗೆ ಮಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ವಿಜಯದಶಮಿ ಮುಗಿದು ಸರಿಯಾಗಿ ಎಂಟು ದಿನ ಆಗಿತ್ತು. ಟ್ರಾಕ್ಟರ್ ಸಿದ್ಧ, ಜನರೇಟರ್ ಸಿದ್ಧ, ಲೈಟಿನವನು ಸಿದ್ಧ. ಆದರೆ ದಸರಾದ ರಾಕ್ಷಸನ ಬೊಂಬೆಯನ್ನು ಟ್ರಾಕ್ಟರಿನಿಂದ ಇಳಿಸಲು ಜನ ಸಿಗಲಿಲ್ಲ, ಎಲ್ಲ ತೋಟದ ಕೆಲಸಕ್ಕೆ ಹೋಗಿದ್ದರು. ಅವನಿಗೆ ಹಳದಿ ಕೆಂಪು ಬಟ್ಟೆ ಹೊದಿಸಿ, ಮುಂದೆ ಭುವನೇಶ್ವರಿಯನ್ನು ನಿಲ್ಲಿಸಿದರು. ರಸ್ತೆಯ ಗುಂಡಿಯಲ್ಲಿ ಟ್ರಾಕ್ಟರ್ ಇಳಿದಾಗಲೆಲ್ಲ ಬಟ್ಟೆಯ ಹಿಂದಿನಿಂದ ಒಂದು ಕೈ ಗದೆ ಎತ್ತುತ್ತಿತ್ತು. ನೋಡಿದ ಮಕ್ಕಳು ಕೇಕೆ ಹಾಕಿದರು. ಮೆರವಣಿಗೆ ಸಮಿತಿಯವರು ಅದನ್ನು ಕನ್ನಡದ ಉತ್ಸಾಹ ಅಂತ ಬರೆದುಕೊಂಡರು.

ಆ ಮಕ್ಕಳು ಎಲ್ಲಿಯವರು ಅಂದಿರಾ? ಊರಿನ ಸರ್ಕಾರಿ ಕನ್ನಡ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದರೆ ಒಂದು ಫೋಟೋಕ್ಕೂ ಸಾಲುವುದಿಲ್ಲ. ಹಾಗಾಗಿ ಇಂಗ್ಲಿಷ್ ಮೀಡಿಯಂ ಶಾಲೆಯಿಂದ ಎರಡು ಬಸ್ ತರಿಸಿದರು. ಆ ಶಾಲೆಯಲ್ಲಿ ಕನ್ನಡ ಮಾತಾಡಿದರೆ ದಂಡ. ನವೆಂಬರ್ 1ಕ್ಕೆ ಮಾತ್ರ ದಂಡ ಮಾಫಿ. ಮಕ್ಕಳು ಇಡೀ ವರ್ಷದ ಕನ್ನಡವನ್ನು ಬಸ್ಸಿನಲ್ಲೇ ಮಾತಾಡಿ ಮುಗಿಸಿದರು.

ಮುಂದೆ ಡೊಳ್ಳು, ಅದರ ಹಿಂದೆ ವೀರಗಾಸೆ. ಎರಡೂ ಚೆನ್ನಾಗಿದ್ದವು, ಎರಡೂ ಬೇರೆ ಜಿಲ್ಲೆಯಿಂದ ಬಂದಿದ್ದವು. ನಮ್ಮ ವಾಲಗದವರನ್ನು ಯಾಕೆ ಕರೆಯಲಿಲ್ಲ ಅಂದರೆ, "ವಾಲಗ ಶುರುವಾದರೆ ನಮ್ಮವರು ಕುಣಿಯೋದು ನಿಲ್ಲಿಸಲ್ಲ, ಭಾಷಣಕ್ಕೆ ಜನ ಇರಲ್ಲ" ಅಂದರು ಸಮಿತಿಯವರು. ಇದನ್ನು ಮಾತ್ರ ನಾನು ಒಪ್ಪಿದೆ. ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್‌ಗೆ ಐದು ನಿಮಿಷ ಕೊಟ್ಟಿದ್ದರು. ಅದೂ ಗಣ್ಯರು ತಡವಾಗಿ ಬಂದದ್ದರಿಂದ ಸಿಕ್ಕ ಐದು ನಿಮಿಷ.

ಸನ್ಮಾನದ ಹೊತ್ತಿಗೆ ನಿಜವಾದ ಇತಿಹಾಸ ನಡೆಯಿತು. ಸನ್ಮಾನಿತರೊಬ್ಬರು ಕೊಡವರ ಉಡುಪು ಕುಪ್ಯಚೇಲೆ ಹಾಕಿ, ಸೊಂಟಕ್ಕೆ ಪೀಚೆಕತ್ತಿ ಸಿಕ್ಕಿಸಿ, ತಲೆಗೆ ಮಂಡೆತುಣಿ ಕಟ್ಟಿಕೊಂಡು ಬಂದಿದ್ದರು. ಸಮಿತಿಯ ತಟ್ಟೆಯಲ್ಲಿ ಇದ್ದದ್ದು ಮೈಸೂರು ಪೇಟ. ಅತಿಥಿಗಳು ಪೇಟ ಎತ್ತಿಕೊಂಡು ತಲೆ ನೋಡಿದರು. ತಲೆ ಖಾಲಿ ಇಲ್ಲ. ಮಂಡೆತುಣಿ ತೆಗೆಯಿರಿ ಅನ್ನಲು ಧೈರ್ಯ ಸಾಲದು, ಸೊಂಟದಲ್ಲಿ ಕತ್ತಿ ಬೇರೆ ಇದೆ. ಫೋಟೋದವನು "ಸಾರ್, ಬೇಗ" ಅಂತಿದ್ದಾನೆ. ಕೊನೆಗೆ ಮಂಡೆತುಣಿಯ ಮೇಲೆಯೇ ಪೇಟ ಕೂರಿಸಿದರು. ಕೊಡಗಿನ ಮೇಲೆ ಮೈಸೂರು. 1956ರ ವಿಲೀನ ಕಣ್ಣೆದುರಿಗೇ ಇನ್ನೊಂದು ಸಲ ನಡೆದುಹೋಯಿತು. ಆ ಮನುಷ್ಯ ಕತ್ತು ಅಲ್ಲಾಡಿಸದೆ, ಎರಡನ್ನೂ ಬೀಳಿಸದೆ, ಕುರ್ಚಿಯವರೆಗೆ ನಡೆದು ಬಂದು ಕೂತರು. ಅವರಿಗೆ ಏನು ಸಾಧನೆಗಾಗಿ ಸನ್ಮಾನ ಮಾಡಿದರೋ ನೆನಪಿಲ್ಲ. ನಾನಾಗಿದ್ದರೆ ಆ ನಡಿಗೆಗೇ ಕೊಡುತ್ತಿದ್ದೆ.

ಮಧ್ಯೆ ಒಬ್ಬ ಭಾಷಣಕಾರರು ಕೊಡಗಿನಲ್ಲಿ ಕನ್ನಡ ಉಳಿಯಬೇಕು ಅಂತ ಗುಡುಗಿದರು. ಅವರನ್ನು ಒಂದು ಸಂತೆ ದಿನ ಕರೆದುಕೊಂಡು ಹೋಗಬೇಕು. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಉರ್ದು, ಯರವ ಮಾತು, ಈಗ ತೋಟಕ್ಕೆ ಬಂದ ಅಸ್ಸಾಮಿನವರ ಮಾತು. ಮನೆಯಲ್ಲಿ ಏನಾದರೂ ಆಡಲಿ, ಒಣಮೀನಿನ ರೇಟು ಕೇಳುವಾಗ ಎಲ್ಲರದ್ದೂ ಕನ್ನಡ. ವ್ಯಾಕರಣ ಕೇಳಬೇಡಿ, ಚೌಕಾಸಿ ಕೇಳಿ. ಅರೇಬಿಕಾ ಕೊಯ್ಲು ಶುರುವಾಗುವ ತಿಂಗಳಿನಲ್ಲಿ ಇವರ್ಯಾರಿಗೂ ಸಮಾರಂಭಕ್ಕೆ ಬರಲು ಪುರುಸೊತ್ತಿಲ್ಲ. ಬಂದರೂ ಕುರ್ಚಿ ಇಲ್ಲ, ಮುಂದಿನ ಸಾಲು ಗಣ್ಯರಿಗೆ, ಹಿಂದಿನದು ಗಣ್ಯರ ಡ್ರೈವರುಗಳಿಗೆ.

ಮೊನ್ನೆ ಸಮಿತಿಯವರು ಮತ್ತೆ ಸಭೆ ಸೇರಿದ್ದರು. 2026ರ ನವೆಂಬರ್ 1ಕ್ಕೆ ರಾಜ್ಯಕ್ಕೆ 70 ವರ್ಷ ತುಂಬುತ್ತದೆ, ಕೊಡಗಿನ ವಿಲೀನಕ್ಕೂ ಅಷ್ಟೇ. ಅದ್ದೂರಿಯಾಗಿ ಆಚರಿಸೋಣ ಅಂದರು ಒಬ್ಬರು. ಇದ್ದ ರಾಜ್ಯ ಹೋದ ದಿನ ಅದು, ಕಪ್ಪು ಪಟ್ಟಿ ಕಟ್ಟೋಣ ಅಂದರು ಇನ್ನೊಬ್ಬರು. ಮಾತಿಗೆ ಮಾತು ಬೆಳೆಯಿತು. ಮೂಲೆಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ ಶಾಮಿಯಾನದವನು ಲೋಟ ಕೆಳಗಿಟ್ಟ. "ಬೆಳಿಗ್ಗೆ ಉತ್ಸವ ಮಾಡಿ, ಮಧ್ಯಾಹ್ನ ಧರಣಿ ಮಾಡಿ. ಮೈಕು, ಕುರ್ಚಿ, ಶಾಮಿಯಾನ ಎಲ್ಲ ಅದೇ. ಎರಡೂ ಒಟ್ಟಿಗೆ ಬುಕ್ ಮಾಡಿದರೆ ಸ್ವಲ್ಪ ಕಡಿಮೆ ಮಾಡಿ ಕೊಡ್ತೇನೆ" ಅಂದ. ಅಡ್ವಾನ್ಸ್ ಕೊಡುವ ನಿರ್ಣಯ ಅವಿರೋಧವಾಗಿ ಪಾಸಾಯಿತು.