ಬೆಕ್ಕಿನ ಔಷಧಿ ಚೀಟಿಯಲ್ಲಿ ತೂಕ ಬರೆಸಿಕೊಳ್ಳಿ

ಬೆಕ್ಕು ಸಾಕಿರುವ ಎಲ್ಲರಿಗೂ ಒಂದು ಮಾತು. ಡಾಕ್ಟರು ಔಷಧಿ ಬರೆದುಕೊಟ್ಟಾಗ ಚೀಟಿಯಲ್ಲಿ ಬೆಕ್ಕಿನ ತೂಕ ಇದೆಯಾ, ಔಷಧಿ ಎಷ್ಟು ಮಿಲಿಗ್ರಾಂ ಅಂತ ಇದೆಯಾ ನೋಡಿ. ಬರೀ "ಅರ್ಧ ಎಂಎಲ್, ದಿನಕ್ಕೊಂದು ಸಲ" ಅಂತಿದ್ದರೆ ಅಲ್ಲೇ ನಿಂತು ಕೇಳಿ. ಹಿಂದೆ ಹತ್ತು ಜನ ಕಾಯುತ್ತಿದ್ದರೂ ಕೇಳಿ. ನಮ್ಮ ಕೆಂಚನ ಕಿಡ್ನಿಗೆ ಪೆಟ್ಟು ಬಿದ್ದಿದ್ದು ಇಂಥದ್ದೇ ಒಂದು ಸಾಲಿನಿಂದ.

ಕೆಂಚ ಪಕ್ಕದ ಮನೆಯ ಶೀಟಿನ ಮೇಲಿಂದ ಹಾರಿ ಕಾಲು ಉಳುಕಿಸಿಕೊಂಡಿದ್ದ. ಮೂಳೆ ಮುರಿದಿರಲಿಲ್ಲ. ಕ್ಲಿನಿಕ್ಕಿನಲ್ಲಿ ನೋವಿಗೆ ಮೆಲಾಕ್ಸಿಕಾಮ್ ಸಿರಪ್ ಕೊಟ್ಟರು. ಐದು ದಿನ ಹಾಕಿ ಅಂದರು. ತೂಕ ನೋಡಲಿಲ್ಲ. ಮೊದಲು ಕುಂಟು ಕಡಿಮೆಯಾಯಿತು, ನಮಗೂ ಸಮಾಧಾನವಾಯಿತು. ಆಮೇಲೆ ಊಟ ಬಿಟ್ಟ. ವಾಂತಿ ಶುರುವಾಯಿತು. ನೀರಿನ ಬಟ್ಟಲಿನ ಮುಂದೆ ತಲೆ ಬಗ್ಗಿಸಿ ಕೂರುತ್ತಿದ್ದ, ಕುಡಿಯುತ್ತಿರಲಿಲ್ಲ. ಫೋನ್ ಮಾಡಿದರೆ, "ಔಷಧಿ ಬಿದ್ದಾಗ ಬೆಕ್ಕುಗಳು ಹಾಗೇ ಆಡ್ತಾವೆ ಮೇಡಂ, ಕೋರ್ಸ್ ಮುಗಿಸಿ" ಅಂದರು.

ಅಮ್ಮ ಒಪ್ಪಲಿಲ್ಲ. "ಮೀನಿನ ತಲೆ ಇಟ್ಟರೂ ಮೂಸಿ ನೋಡ್ತಿಲ್ಲ ಅಂದ್ರೆ ಇದು ಸುಮ್ನೆ ಅಲ್ಲ ಕಣೇ. ಇವತ್ತಿನ ಔಷಧಿ ಹಾಕಬೇಡ, ಬೇರೆ ಕಡೆ ತೋರಿಸೋಣ" ಅಂದರು. ಅವರ ಆ ಹಟವೇ ಅವನನ್ನು ಉಳಿಸಿತು.

ಎರಡನೇ ಡಾಕ್ಟರು ಮೊದಲು ಮಾಡಿದ್ದು ಅವನನ್ನು ತಕ್ಕಡಿ ಮೇಲೆ ಕೂರಿಸಿದ್ದು. ಮೂರೂವರೆ ಕೆಜಿ. ಆಮೇಲೆ ಔಷಧಿ ಬಾಟಲಿ ತೆಗೆದುಕೊಂಡು ಲೇಬಲ್ ಓದಿದರು. ನಾಯಿಗಳಿಗೆ ಮಾಡಿದ ಸಿರಪ್ ಅದು, ಒಂದು ಎಂಎಲ್‌ಗೆ 1.5 ಮಿಲಿಗ್ರಾಂ. ಅರ್ಧ ಎಂಎಲ್ ಅಂದರೆ 0.75 ಮಿಲಿಗ್ರಾಂ. ಯುರೋಪಿನಲ್ಲಿ ಬೆಕ್ಕಿನ ಕೀಲು, ಸ್ನಾಯು ನೋವಿಗೆ ಇದೇ ಔಷಧಿಯನ್ನು ದಿನಾ ಕೊಡಲು ಒಪ್ಪಿಗೆ ಇದೆ. ಆದರೆ ಅಲ್ಲಿ ಮೊದಲ ದಿನ ಬಿಟ್ಟರೆ ಒಂದು ಕೆಜಿ ತೂಕಕ್ಕೆ 0.05 ಮಿಲಿಗ್ರಾಂ ಅಷ್ಟೇ. ಕೆಂಚನ ಲೆಕ್ಕಕ್ಕೆ ಅದು 0.175 ಮಿಲಿಗ್ರಾಂ ಆಗುತ್ತದೆ. ಅವನ ಹೊಟ್ಟೆಗೆ ಹೋಗುತ್ತಿದ್ದದ್ದು ಅದರ ನಾಲ್ಕು ಪಟ್ಟಿಗಿಂತ ಜಾಸ್ತಿ. ಅಷ್ಟೇ ತೂಕದ ನಾಯಿಮರಿಗೂ ದಿನಾ ಅಷ್ಟು ಕೊಡುವುದಿಲ್ಲ. ರಕ್ತ ಪರೀಕ್ಷೆಯಲ್ಲಿ ಕಿಡ್ನಿ ಸರಿಯಾಗಿ ಕೆಲಸ ಮಾಡದಿದ್ದರೆ ಏರುವ ಕ್ರಿಯಾಟಿನಿನ್ 4 ದಾಟಿತ್ತು. 1.6ರ ಒಳಗಿದ್ದರೆ ಒಳ್ಳೆಯದಂತೆ.

ಯಾಕೆ ಹೀಗಾಯಿತು ಅಂತ ಅವರು ನಿಧಾನವಾಗಿ ಹೇಳಿದರು. ಈ ಗುಂಪಿನ ನೋವಿನ ಔಷಧಿಗಳು ದೇಹದಲ್ಲಿ ಊತ ತರುವ ರಾಸಾಯನಿಕಗಳಾದ ಪ್ರೋಸ್ಟಗ್ಲಾಂಡಿನ್‌ಗಳನ್ನು ತಡೆಯುತ್ತವೆ. ಆದರೆ ದೇಹದಲ್ಲಿ ನೀರು ಕಡಿಮೆಯಾದಾಗ ಕಿಡ್ನಿಗೆ ರಕ್ತ ಹರಿಯುವಂತೆ ನೋಡಿಕೊಳ್ಳುವುದೂ ಆ ರಾಸಾಯನಿಕಗಳೇ. ಬೆಕ್ಕು ಮೊದಲೇ ನೀರು ಕುಡಿಯುವುದು ಕಡಿಮೆ. ಅದಕ್ಕೆ ಏಪ್ರಿಲ್ ಬಿಸಿಲು, ಊಟ ಬಿಟ್ಟ ಹೊಟ್ಟೆ, ಜಾಸ್ತಿ ಔಷಧಿ ಎಲ್ಲ ಸೇರಿದರೆ ಕಿಡ್ನಿ ತಡೆಯುವುದಿಲ್ಲ. ಜೊತೆಗೆ ಸ್ಟೀರಾಯ್ಡ್ ಇಂಜೆಕ್ಷನ್ ಏನಾದರೂ ಕೊಟ್ಟಿದ್ದರಾ ಅಂತಲೂ ಕೇಳಿದರು. ಎರಡನ್ನೂ ಒಟ್ಟಿಗೆ ಕೊಡಬಾರದು. ಪುಣ್ಯಕ್ಕೆ ಕೊಟ್ಟಿರಲಿಲ್ಲ.

ಇದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ಬೆಕ್ಕಿಗೆ ಇದನ್ನು ಮತ್ತೆ ಮತ್ತೆ ಕೊಟ್ಟರೆ ಕಿಡ್ನಿ ವಿಫಲವಾಗಿ ಸಾವೂ ಬರಬಹುದು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಲೇಬಲ್ ಮೇಲೆ ಚೌಕಟ್ಟು ಹಾಕಿ ಬರೆಸಿದೆ.

ಹಾಗಂತ ಔಷಧಿಯನ್ನೇ ಬೈಯುವುದು ತಪ್ಪು ಅಂತ ನನ್ನ ನಂಬಿಕೆ. ದನಗಳಿಗೆ ನೋವಿಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್‌ನಿಂದ ಆ ದನಗಳ ಹೆಣ ತಿಂದ ರಣಹದ್ದುಗಳು ಸತ್ತು ಮುಗಿಯುತ್ತಿದ್ದಾಗ, 2006ರಲ್ಲಿ ಅದನ್ನು ನಿಷೇಧಿಸಿ ಅದರ ಬದಲಿಗೆ ನಮ್ಮ ದೇಶ ಆರಿಸಿಕೊಂಡಿದ್ದು ಇದೇ ಮೆಲಾಕ್ಸಿಕಾಮ್. ರಾಮನಗರದ ಬೆಟ್ಟದಲ್ಲಿ ಉಳಿದಿರುವ ಹದ್ದುಗಳು ಬದುಕಲು ದನಗಳಿಗೆ ಇದೇ ಔಷಧಿ ಬೇಕು. ನೋವಿರುವ ಬೆಕ್ಕಿಗೂ ಬೇಕು, ಸರಿಯಾದ ಅಳತೆಯಲ್ಲಿ. ನನ್ನ ಸಿಟ್ಟು ಇರುವುದು ತೂಕ ನೋಡದೆ ಬರೆಯುವ ಅಭ್ಯಾಸದ ಮೇಲೆ. ನಾಯಿಗೆ ಕೊಡುವುದನ್ನೇ ಸ್ವಲ್ಪ ಕಡಿಮೆ ಮಾಡಿದರೆ ಬೆಕ್ಕಿಗಾಯಿತು ಅನ್ನುವ ಅಂದಾಜಿನ ಮೇಲೆ.

ಪ್ಯಾರಾಸಿಟಮಾಲ್ ಇನ್ನೂ ಭಯಂಕರ. ಅದನ್ನು ಕರಗಿಸಿ ಹೊರಹಾಕಲು ಲಿವರಿನಲ್ಲಿ ಬೇಕಾದ ಒಂದು ಕಿಣ್ವ ಬೆಕ್ಕಿನ ಕುಲಕ್ಕೇ ಕೆಲಸ ಮಾಡುವುದಿಲ್ಲ. ಒಂದು ಮಾತ್ರೆ ಸಾಕು ಜೀವ ತೆಗೆಯಲು. ಒಸಡು ಕಂದು ಬಣ್ಣಕ್ಕೆ ತಿರುಗಿ, ಮುಖ, ಪಾದ ಊದಿದರೆ ಹಾಲು ಕುಡಿಸಿ ಕಾಯುತ್ತಾ ಕೂರಬೇಡಿ. ಆಸ್ಪತ್ರೆಗೆ ಓಡಿ. ಅಸಿಟೈಲ್‌ಸಿಸ್ಟೀನ್ ಅನ್ನುವ ಪ್ರತಿವಿಷ ಇದೆ, ಬೇಗ ಕೊಡಬೇಕು. ಎನ್ರೋಫ್ಲಾಕ್ಸಾಸಿನ್ ಅನ್ನುವ ಆಂಟಿಬಯೋಟಿಕ್ ದಿನಕ್ಕೆ ಕೆಜಿಗೆ 5 ಮಿಲಿಗ್ರಾಂ ದಾಟಿದರೆ ಬೆಕ್ಕಿನ ಕಣ್ಣಿನ ಪರದೆಯೇ ಹಾಳಾಗಬಹುದು. ಕಣ್ಣಿನ ಪಾಪೆ ದೊಡ್ಡದಾಗಿ, ಗೋಡೆಗೆ ಗುದ್ದಿಕೊಳ್ಳಲು ಶುರುಮಾಡಿದರೆ ಅದೇ ಸೂಚನೆ. ಡಾಕ್ಸಿಸೈಕ್ಲಿನ್ ಮಾತ್ರೆ ಒಣಗಂಟಲಲ್ಲಿ ನುಂಗಿಸಿದರೆ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡುತ್ತದೆ. ಮಾತ್ರೆಯ ಹಿಂದೆಯೇ ಸಿರಿಂಜಿನಲ್ಲಿ ನೀರು ಕುಡಿಸಬೇಕು. ಇದನ್ನು ಎಷ್ಟು ಜನ ಹೇಳಿ ಕಳಿಸುತ್ತಾರೆ?

ಎಲ್ಲ ಲಕ್ಷಣವೂ ಅಪಾಯದ್ದಲ್ಲ, ಅದೂ ನಿಜ. ಮೆಟ್ರೋನಿಡಜೋಲ್ ಕೊಟ್ಟ ತಕ್ಷಣ ಬಾಯಲ್ಲಿ ನೊರೆ ಬಂದರೆ ಹೆಚ್ಚಾಗಿ ಅದು ಕಹಿಗೆ. ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಆದರೆ ಗಂಟೆಗಳು ಕಳೆದರೂ ಮಂಕಾಗಿದ್ದರೆ, ಊಟ ಬಿಟ್ಟರೆ, ಮತ್ತೆ ಮತ್ತೆ ವಾಂತಿಯಾದರೆ, ಮುಂದಿನ ಡೋಸ್ ಹಾಕುವ ಮೊದಲು ಡಾಕ್ಟರನ್ನು ಕೇಳಿ. ಎಲ್ಲ ಔಷಧಿಯನ್ನೂ ನಾವೇ ನಿಲ್ಲಿಸುವ ಹಾಗೂ ಇಲ್ಲ. ಬಹಳ ದಿನದಿಂದ ಕೊಡುತ್ತಿರುವ ಸ್ಟೀರಾಯ್ಡ್, ಫಿಟ್ಸ್ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಬೇರೆಯದೇ ಅನಾಹುತ. ಫೋನಿನಲ್ಲಿ ಸರಿಯಾದ ಉತ್ತರ ಸಿಗದಿದ್ದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ. ಬಾಟಲಿ, ಸಿರಿಂಜ್ ಎರಡನ್ನೂ ತೆಗೆದುಕೊಂಡು ಹೋಗಿ.

ಡಾಕ್ಟರುಗಳ ಕಷ್ಟ ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ಪಶುವೈದ್ಯ ಅಂದರೆ ಮೊದಲಿನಿಂದ ದನ, ಎಮ್ಮೆ, ಕುರಿ. ಆಮೇಲೆ ನಾಯಿ. ಬೆಕ್ಕು ತೋರಿಸಲು ಜನ ಬರತೊಡಗಿದ್ದು ಈಚೆಗೆ. ಕೈಗೆ ಸಿಗದೆ ಪರಚುವ ಪ್ರಾಣಿಯನ್ನು ತಕ್ಕಡಿ ಮೇಲೆ ಕೂರಿಸುವುದು ಸುಲಭವಲ್ಲ. ಬ್ಯಾಗಿನ ಸಮೇತ ತೂಗಿ ಖಾಲಿ ಬ್ಯಾಗಿನ ತೂಕ ಕಳೆದರಾಯಿತು, ಅಲ್ವಾ? ಒಂದು ನಿಮಿಷದ ಕೆಲಸ.

ನನಗೆ ಇನ್ನೂ ಬೇಸರ ತಂದಿದ್ದು ಬೇರೆ. ಮನುಷ್ಯರಿಗೆ ಔಷಧಿ ಆಗಿ ಬರದಿದ್ದರೆ ತಿಳಿಸಲು 2010ರಿಂದ ಸರ್ಕಾರದ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಇದೆ, 1800-180-3024 ಅಂತ ಉಚಿತ ನಂಬರ್ ಇದೆ. ಬ್ರಿಟನ್, ಅಮೆರಿಕದಲ್ಲಿ ಸಾಕುಪ್ರಾಣಿಯ ಮಾಲೀಕರೇ ಸರ್ಕಾರಕ್ಕೆ ನೇರವಾಗಿ ಬರೆದು ತಿಳಿಸಬಹುದು. ಇಲ್ಲಿ ನಾನು ಹೋದ ಯಾವ ಕ್ಲಿನಿಕ್ಕಿನ ಗೋಡೆಯ ಮೇಲೂ ಪ್ರಾಣಿಗಳಿಗೆ ಅಂಥ ಒಂದು ನಂಬರ್ ನೋಡಿಲ್ಲ. ಹಾಗಾಗಿ ಕೆಂಚನಿಗಾದದ್ದು ನಮ್ಮ ಮನೆಗೆ, ಎರಡನೇ ಡಾಕ್ಟರಿಗೆ ಬಿಟ್ಟರೆ ಬೇರೆ ಯಾರ ಲೆಕ್ಕದಲ್ಲೂ ಇಲ್ಲ. ಪಶುಸಂಗೋಪನಾ ಇಲಾಖೆ ಇದನ್ನು ಶುರುಮಾಡಲೇಬೇಕು. ಮುಂದಿನ ಬೆಕ್ಕಿಗೆ ಚೀಟಿ ಬರೆಯುವವರಿಗೆ ಗೊತ್ತಾಗುವುದು ಮತ್ತೆ ಹೇಗೆ?

ಡ್ರಿಪ್ ಹಾಕಿಸಿ ಹಾಕಿಸಿ ಕೆಂಚ ಚೇತರಿಸಿಕೊಂಡ. ಕ್ರಿಯಾಟಿನಿನ್ ಇಳಿದಿದೆ, ಪೂರ್ತಿ ಇಳಿದಿಲ್ಲ. ಕಿಡ್ನಿಗೆಂದೇ ಮಾಡಿದ ಆಹಾರ ಕೊಡುತ್ತಿದ್ದೇವೆ. ಅವನ ಫೈಲಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಔಷಧಿಯ ಹೆಸರು, ಕೊಟ್ಟ ಅಳತೆ, ಆದ ತೊಂದರೆ ಬರೆಸಿದ್ದೇನೆ.

ನಿಮ್ಮ ಬೆಕ್ಕಿಗೂ ಹೀಗೆ ಆಗಿದ್ದರೆ ಕೆಳಗೆ ಬರೆಯಿರಿ. ಔಷಧಿಯ ಹೆಸರು, ಎಷ್ಟು ಮಿಲಿಗ್ರಾಂ, ಬೆಕ್ಕಿನ ತೂಕ, ಏನಾಯಿತು, ಇಷ್ಟು ಸಾಕು. ಕ್ಲಿನಿಕ್ಕಿನ ಹೆಸರು, ಡಾಕ್ಟರ ಹೆಸರು ಬೇಡ. ಎಲ್ಲವನ್ನೂ ಒಟ್ಟು ಸೇರಿಸಿ ಇಲಾಖೆಗೆ ಕಳಿಸುತ್ತೇನೆ.